ಉಪ್ಪು ನೋಡುವ ನಾಲಿಗೆ

ಬಹರೈನಿನ ಹೂರಾ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸೆವ್ರಿನ್ ಬಾಯಿ ಊಟ ಬಡಿಸಿದ್ದನ್ನು ಎಲ್ಲರೂ ಕಂಡಿದ್ದರು, ಉಂಡದ್ದನ್ನು ಕಂಡವರು ಕಡಿಮೆ. ಗಂಡ ಬೋನಿಫಾಸ್ ಪ್ರತಿ ಶುಕ್ರವಾರ, ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗೆಳೆಯರನ್ನು ಊಟಕ್ಕೆ ಕರೆತರುತ್ತಿದ್ದ. ಅವರು ಎದ್ದ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ತಣ್ಣಗಿನ ಅನ್ನ, ಉಪ್ಪಿನಕಾಯಿ.

ಎಂಬತ್ತಮೂರನೇ ಇಸವಿಯಲ್ಲಿ, ಐವತ್ತು ದಾಟಿದ ಅವಳಿಗೆ ಪ್ರೆಶರ್ ಬಂತು. "ಉಪ್ಪು ಕಡಿಮೆ ಮಾಡಿ. ರುಚಿಯಾದದ್ದನ್ನು ಬಿಡಬೇಡಿ, ಸ್ವಲ್ಪವೇ ತಿನ್ನಿ, ಕೂತು ತಿನ್ನಿ" ಎಂದರು ಡಾಕ್ಟರು. ಅವಳಿಗೆ ನಗು ಬಂತು. ರುಚಿಯಾದದ್ದೆಲ್ಲ ಅವಳ ಅಂಗೈ ಮೇಲೆ ಒಂದು ತೊಟ್ಟು ಬಿದ್ದು, ಉಪ್ಪು ನೋಡುವುದರಲ್ಲೇ ಮುಗಿಯುತ್ತಿತ್ತು.

ಮುಂದಿನ ಶುಕ್ರವಾರ ಹಮೂರ್ ಮೀನಿನ ಸಾರು ಕುದಿಯುವಾಗ ಅವಳು ಅಡುಗೆಮನೆಯಿಂದಲೇ ಕೂಗಿದಳು: "ಓಯ್, ಬಂದು ಉಪ್ಪು ನೋಡಿ."

"ಇಷ್ಟು ವರ್ಷ ಇಲ್ಲದ್ದು ಇವತ್ತೇನು? ನಿನ್ನ ನಾಲಿಗೆ ಊರಿಗೆ ಹೋಗಿದೆಯಾ?"

"ಹೋಗಿಲ್ಲ, ಸುಸ್ತಾಗಿದೆ. ನಿಮಗೆ ಕಂಪೆನಿ ರಜೆ ಕೊಡುತ್ತದೆ. ಇದಕ್ಕೆ ಇವತ್ತೇ ಮೊದಲ ರಜೆ."

ಬೋನಿಫಾಸ್ ಸೌಟಿನ ತುದಿ ನೆಕ್ಕಿ, "ಸರಿ ಉಂಟು" ಎಂದು ಗೆಳೆಯರ ಜೊತೆಗಿನ ಇಸ್ಪೀಟಿಗೆ ಮರಳಿದ.

ಬಡಿಸಿದ ಮೇಲೆ ಸೆವ್ರಿನ್ ಬಾಯಿ ತನಗೂ ಒಂದು ತಟ್ಟೆ ತಂದು, ಗಂಡಸರ ನಡುವೆ ಕುರ್ಚಿ ಎಳೆದು ಕೂತಳು. ಸಣ್ಣ ತುಂಡು ಮೀನು, ಹಿಡಿ ಅನ್ನ, ಹಬೆಯಾಡುವ ಸಾರು. ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪು ಸಾಲದು. ಅವಳಿಗದು ಹಿತವಾಗಿತ್ತು.

"ಸೆವ್ರಿನ್, ಸ್ವಲ್ಪ ಉಪ್ಪು ತಾ" ಎಂದ ಬೋನಿಫಾಸ್.

"ಒಲೆ ಪಕ್ಕದ ಭರಣಿಯಲ್ಲಿದೆ" ಎಂದಳು. ಕಾಲು, ಬೆನ್ನು ಎರಡೂ ನೋಯುತ್ತಿದ್ದವು. ಮುಳ್ಳು ಬಿಡಿಸಿ, ಎರಡನೆಯ ತುತ್ತು ಕಲಸಿದಳು.