ಬೆಳಿಗ್ಗೆ ನಗದ ಕನ್ನಡಕದ ಮಾಮ

"ಅಮ್ಮಾ, ಕನ್ನಡಕದ ಮಾಮ ಸಾಯಂಕಾಲ ಮಾತ್ರ ನಗ್ತಾನಲ್ಲ, ಬೆಳಿಗ್ಗೆ ಯಾಕೆ ನಗಲ್ಲ?"

ಮಗಳು ಇದನ್ನು ಕೇಳಿ ಎರಡು ತಿಂಗಳಾಯಿತು. ಅವಳಿಗೆ ಐದು ವರ್ಷ. ಶೂ ಲೇಸು ಬಿಗಿಯುತ್ತ "ನಿದ್ದೆ ಸಾಲದೇನೋ" ಎಂದೆ. ಅವಳು ನಂಬಲಿಲ್ಲ. ಎರಡು ವರ್ಷದಿಂದ ಈ ಕಟ್ಟಡದ ದೊಡ್ಡವರು ಯಾರೂ ಕೇಳದ ಪ್ರಶ್ನೆ ಅದು.

ಕನ್ನಡಕದ ಮಾಮನೆಂದರೆ ಮೇಲಿನ ಮನೆಯ ಹುಡುಗ, ವಯಸ್ಸು ಇಪ್ಪತ್ತು. ಬೀದಿ ತುದಿಯ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಗಿರಾಕಿಯ ಕಣ್ಣಿನ ಪಾಪೆ ಎಲ್ಲಿ ಬರುತ್ತದೋ ಅಲ್ಲಿ ಗಾಜಿನ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಕೊಂಚ ಜಾರಿದರೂ ಗಿರಾಕಿಗೆ ತಲೆನೋವು.

ಹದಿನೆಂಟರವರೆಗೆ ಅವನು ಬಾಯಿಗೆ ಬೀಗ ಹಾಕಿಕೊಂಡವನಂತಿದ್ದ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಊಟದಿಂದ ಅರ್ಧಕ್ಕೇ ಏಳುತ್ತಿದ್ದ, ರಜೆಯ ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಇದಕ್ಕೆ ನಾವೆಲ್ಲ ಸೇರಿ 'ಒಳ್ಳೆಯ ಹುಡುಗ' ಎಂದು ಹೆಸರಿಟ್ಟಿದ್ದೆವು. ಒಂದು ಸಂಜೆ ಅಂಗಡಿಯವರ ಜೊತೆ ಕುಡಿದು ಬಂದ. ಮೆಟ್ಟಿಲಲ್ಲೇ ನಿಂತು ಹಾಡಿದ. ಬೆರಳುಗಳನ್ನೇ ಕನ್ನಡಕ ಮಾಡಿಕೊಂಡು ನನ್ನ ಮಗಳನ್ನು ನಗಿಸಿದ. ಅವನ ತಾಯಿ ಸಂತೋಷಕ್ಕೆ ಕಣ್ಣೊರೆಸಿಕೊಂಡರು.

"ನೋಡಮ್ಮ, ನಮ್ಮವನಿಗೂ ನಾಲ್ಕು ಜನರ ಜೊತೆ ಬೆರೆಯೋಕೆ ಬಂತು!"

ಬೆರೆಯುವುದು ದಿನಾ ನಡೆಯಿತು. ಸಂಜೆ ಎಷ್ಟು ನಗುತ್ತಿದ್ದನೋ ಬೆಳಿಗ್ಗೆ ಅಷ್ಟೇ ಮುಖ ಇಳಿದಿರುತ್ತಿತ್ತು. ಇಳಿದ ಮುಖ ಎತ್ತಲು ಮತ್ತೆ ಸಂಜೆ ಬೇಕು. ಹಳ್ಳಕ್ಕೆ ಬಿದ್ದವನು ಇನ್ನಷ್ಟು ತೋಡಿಕೊಂಡು ಮೇಲೆ ಬರುತ್ತೇನೆ ಅಂದ ಹಾಗೆ.

ಮಗಳು ಕೇಳಿದ ಮುಂದಿನ ವಾರವೇ ನಾನು ಅವನ ಅಂಗಡಿಯಲ್ಲೇ ಕನ್ನಡಕ ಮಾಡಿಸಿದೆ. ಹಾಕಿದ ಕೂಡಲೇ ನೆಲ ವಾಲಿತು.

"ಹೊಸದರಲ್ಲಿ ಹಾಗೇ ತಾಯಿ, ಅಭ್ಯಾಸ ಆಗುತ್ತೆ" ಎಂದರು ಅಂಗಡಿ ಯಜಮಾನರು.

ಎಂಟು ದಿನ ಶ್ರದ್ಧೆಯಿಂದ ಅಭ್ಯಾಸ ಮಾಡಿಕೊಂಡೆ. ಬಾಗಿಲಿಗೆ ಭುಜ ಹೊಡೆದುಕೊಂಡೆ. ತಲೆನೋವು ಬಂದಾಗಲೆಲ್ಲ ಮಗಳ ಗಲಾಟೆಯನ್ನು ಬೈದೆ. ಒಂಬತ್ತನೆಯ ದಿನ ನೇರ ಹಿಂದಿನ ಕೋಣೆಗೇ ಹೋಗಿ ಕನ್ನಡಕವನ್ನು ಅವನ ಕೈಗಿಟ್ಟೆ. ಬೆಳಕಿಗೆ ಹಿಡಿದು ನೋಡಿದವನು ಸ್ಟೂಲಿನ ಮೇಲೆ ಕುಸಿದ. ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲಗಣ್ಣಿನದನ್ನು ಎಡಕ್ಕೆ ಕತ್ತರಿಸಿ ಕೂರಿಸಿದ್ದ.

"ಅಕ್ಕ, ಅವತ್ತು ನಾನು ಕುಡಿದಿರಲಿಲ್ಲ."

"ಕುಡೀದೇನೇ ಈ ಕತೆನಾ?"

"ಬಿಟ್ಟು ನಾಲ್ಕು ದಿನ ಆಗಿತ್ತು. ಕೈ ನಡುಗ್ತಿತ್ತು, ಎಡ ಯಾವ್ದು ಬಲ ಯಾವ್ದು ಅಂತ ತಲೆ ಓಡ್ತಿರ್ಲಿಲ್ಲ. ಕುಡಿದ್ರೆ ಕೈ ನಿಲ್ಲುತ್ತೆ ಅಕ್ಕ, ಆದ್ರೆ ಬೆಳಿಗ್ಗೆ ಏಳೋಕೇ ಮನಸ್ಸಿರಲ್ಲ. ಏಳೋಕೆ ಅಷ್ಟೇ ಅಲ್ಲ..."

"ಬದುಕಿರೋಕೇ ಮನಸ್ಸಿಲ್ವಾ?" ನೇರವಾಗಿಯೇ ಕೇಳಿದೆ.

ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಅಂಗಡಿಯ ಮುಂಭಾಗದಿಂದ ಯಜಮಾನರ ದನಿ: "ಒಂದು ಗುಟುಕು ಹಾಕ್ಕೊಂಡು ಬಾರೋ ರಾಜ, ಎಲ್ಲಾ ಸರಿಹೋಗುತ್ತೆ!" ಕೆಟ್ಟವರೇನಲ್ಲ, ಅವರಿಗೆ ಗೊತ್ತಿದ್ದ ಔಷಧ ಅದೊಂದೇ.

ಮರುದಿನ ಮಗಳನ್ನು ಶಾಲೆಗೆ ಬಿಟ್ಟು ಅವನನ್ನು ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. "ಬೇಜಾರು ನಿನ್ನನ್ನ ಕುಡಿಯೋಕೆ ಕಳಿಸುತ್ತೆ, ಕುಡಿತ ಮತ್ತೆ ಬೇಜಾರಿನ ಹತ್ರಾನೇ ತಂದು ಬಿಡುತ್ತೆ. ಎರಡಕ್ಕೂ ಒಟ್ಟಿಗೇ ಔಷಧ ಮಾಡೋಣ" ಎಂದರು ಡಾಕ್ಟರಮ್ಮ. ಒಬ್ಬನೇ ತಟ್ಟನೆ ಬಿಡುವ ಸಾಹಸ ಬೇಡವೆಂದೂ ಗದರಿದರು.

ಮಾತ್ರೆ ಡಬ್ಬಿ ಕಣ್ಣಿಗೆ ಬಿದ್ದದ್ದೇ ತಡ, ಅವನ ತಾಯಿ ದಡದಡ ಕೆಳಗಿಳಿದು ಬಂದರು.

"ಮನಸ್ಸಿಗೆ ಮಾತ್ರೆ ನುಂಗ್ತಾನೆ ಅಂತ ಗೊತ್ತಾದ್ರೆ ನಾವು ತಲೆಯೆತ್ತಿ ಓಡಾಡೋದು ಹೇಗಮ್ಮ?"

"ಅವನು ಕುಡಿದು ಗೋಡೆ ಹಿಡ್ಕೊಂಡು ಮೆಟ್ಟಿಲು ಹತ್ತೋವಾಗ ತಲೆಯೆತ್ತೇ ಓಡಾಡ್ತಿದ್ರಲ್ಲ ಆಂಟಿ?"

"ಅಯ್ಯೋ, ಅದು ಗಂಡುಹುಡುಗ್ರು ಮಾಡೋದೇ ಬಿಡು. ನಾಳೆ ಮದುವೆ ಆದ್ರೆ ನಿಂತುಹೋಗುತ್ತೆ."

ಅವರ ಅಡುಗೆಮನೆಯ ಕಪಾಟಿನಲ್ಲಿ ಅವನ ಖಾಲಿ ಬಾಟಲಿಗಳು ಸಾಲಾಗಿ ಹೊಳೆಯುತ್ತವೆ. ಒಂದರಲ್ಲಿ ಎಣ್ಣೆ, ಒಂದರಲ್ಲಿ ವಿನೆಗರ್, ಒಂದರಲ್ಲಿ ನೀರು ತುಂಬಿ ನೆಟ್ಟ ಮನಿಪ್ಲಾಂಟ್ ಬಳ್ಳಿ. ಗಾಜು ಗಟ್ಟಿಯಂತೆ, ಎಸೆಯಲು ಮನಸ್ಸು ಬರುವುದಿಲ್ಲವಂತೆ. ಮಾತ್ರೆಗಳನ್ನು ಎಸೆಯಲು ಮನಸ್ಸು ಬಂತು. ಆ ದಿನವೇ ಕಸದ ಬುಟ್ಟಿ ಸೇರಿದವು.

ಇವತ್ತು ಬೆಳಿಗ್ಗೆ ಬಾಗಿಲು ತಟ್ಟಿದ. ಕೈಯಲ್ಲಿ ಹೊಸ ಡಬ್ಬಿ.

"ಅಕ್ಕ, ಇದು ನಿಮ್ಮನೇಲಿ ಇರ್ಲಿ. ಅಮ್ಮನ ಕೈಗೆ ಸಿಕ್ಕಿದ್ರೆ ಮತ್ತೆ ಬುಟ್ಟಿಗೆ."

"ಸರಿ ಕಣೋ, ಅದಕ್ಕೇನಂತೆ. ಅಡುಗೆಮನೆ ಶೆಲ್ಫಿನ ಮೇಲೆ ಇಟ್ಟಿರ್ತೀನಿ, ಬೇಕಾದಾಗ ಬಂದು ತಗೋ."

ಅವನು ಡಬ್ಬಿ ಕೊಟ್ಟ, ಹೋಗಲಿಲ್ಲ. ಬಾಗಿಲ ಹೊರಗೇ ಚಪ್ಪಲಿ ನೋಡುತ್ತ ನಿಂತ.

"ಹಾಗಲ್ಲ ಅಕ್ಕ. ಬೀಗ ಹಾಕಿಡಿ. ದಿನಕ್ಕೊಂದೇ ಕೊಡಿ. ನಾನು ಎಷ್ಟೇ ಗೋಗರೆದ್ರೂ ಇಡೀ ಡಬ್ಬಿ ಮಾತ್ರ ನನ್ನ ಕೈಗೆ ಕೊಡ್ಬೇಡಿ."