ಊರೂರಿಗೆ ಕೇಳುತ್ತಿದ್ದ ಖಮರಕ್ಕ

ಶಿಕಾರಿಪುರದ ಸಂತೆಯಲ್ಲಿ ಖಮರಕ್ಕ ತರಕಾರಿ ಆರಿಸುತ್ತಿದ್ದರೆ ಯಾರೂ ಅವರತ್ತ ನೋಡುತ್ತಿರಲಿಲ್ಲ. ಮಾಸಲು ಬುರ್ಖಾ, ಕೈಯಲ್ಲೊಂದು ಬಟ್ಟೆಚೀಲ, ಮೂಗಿನ ಮೇಲೆ ಜಾರುವ ಕನ್ನಡಕ. ಅಂಥ ಹೆಂಗಸರು ಸಂತೆಯಲ್ಲಿ ಎಷ್ಟೋ ಮಂದಿ. ಆದರೆ "ಬೀನ್ಸ್ ಅರ್ಧ ಕೆಜಿ ಹಾಕ್ರಿ, ಎಳೇವು ನೋಡಿ" ಎಂದು ಅವರು ಬಾಯಿ ತೆರೆದರೆ ಅಕ್ಕಪಕ್ಕದ ಮೂರು ನಾಲ್ಕು ತಲೆಗಳು ಒಟ್ಟಿಗೆ ತಿರುಗುತ್ತಿದ್ದವು. ಒಮ್ಮೆ ಮೆಣಸಿನಕಾಯಿಯವನು ತಕ್ಕಡಿಯನ್ನು ಹಾಗೇ ಹಿಡಿದುಕೊಂಡು, "ನಿಮ್ಮನ್ನ ಎಲ್ಲೋ ಕೇಳೀನಲ್ರಿ" ಎಂದ. 'ನೋಡೀನಲ್ರಿ' ಎನ್ನಬೇಕಾದ ಕಡೆ ಅವನ ಬಾಯಿಗೆ ಬಂದದ್ದು ಅದು.

ಅವನು ಕೇಳಿದ್ದು ನಿಜ. ಆ ಹೊತ್ತಿಗೆ ನಮ್ಮ ತಾಲ್ಲೂಕಿನಲ್ಲೂ ಪಕ್ಕದ ಸೊರಬದಲ್ಲೂ ಮೈಕು ಕಟ್ಟಿಕೊಂಡು ಓಡಾಡುವ ಪ್ರಚಾರದ ಆಟೋಗಳಲ್ಲಿ ಬಹುಪಾಲು ಖಮರಕ್ಕನ ದನಿಯಲ್ಲೇ ಮಾತಾಡುತ್ತಿದ್ದವು. ಜವಳಿ ಅಂಗಡಿ, ಕಣ್ಣಿನ ತಪಾಸಣೆ, ಬಿತ್ತನೆ ಬೀಜ, ಪಂಚಾಯಿತಿಯ ನೀರಿನ ಸುದ್ದಿ ಎಲ್ಲಕ್ಕೂ ಅವರೇ. ಆ ದನಿಯನ್ನು ಹಿಡಿದು ಪೆನ್‌ಡ್ರೈವಿಗೆ ತುಂಬಿಸುತ್ತಿದ್ದವಳು ನಾನು. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹಿಂದಿನ ಕೋಣೆಗೆ ಹಳೆಯ ಕಂಬಳಿಗಳನ್ನು ಬಡಿದು ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದೇನೆ.

ಅವರು ಮೊದಲು ಬಂದದ್ದು ತಮ್ಮ ಹೊಲಿಗೆ ಮನೆಗೆ ಒಂದು ಬೋರ್ಡು ಬರೆಸಲು. ಅವತ್ತು ಜವಳಿ ಅಂಗಡಿಯ ಪ್ರಚಾರ ಓದಬೇಕಾಗಿದ್ದವನು ಕೈಕೊಟ್ಟಿದ್ದ. ಅಂಗಡಿಯ ಮಾಲೀಕರು ಎದುರಿಗೇ ಕೂತು ಗಡಿಯಾರ ನೋಡುತ್ತಿದ್ದರು. ಖಮರಕ್ಕ ನನ್ನ ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು "ಅತ್ಯಾಕರ್ಷಕ ವಿನ್ಯಾಸಗಳ ಅಮೋಘ ಸಂಗ್ರಹ" ಎಂದು ಮೆಲ್ಲಗೆ ಓದಿ, "ಇದು ಯಾರ ಮನೆ ಮಾತು?" ಎಂದರು. ಆಮೇಲೆ, "ಗಾಡಿ ಒಂದು ಮನೆ ಮುಂದೆ ಎಷ್ಟೊತ್ತು ಇರ್ತದೆ? ಮನೆ ಹೆಂಗಸು ಒಲೆ ಮುಂದೆ ಇರ್ತಾಳೆ. ಅಷ್ಟರಲ್ಲಿ ಅವಳ ಕೈ ನಿಲ್ಬೇಕಲ್ಲ."

ಹಾಗೆಂದವರು ಮೈಕಿನ ಮುಂದೆ ಕೂತರು. "ಮನೇಲಿ ಮದುವೆ ಗೊತ್ತಾಗಿದೆಯಾ?" ಎಂದು ಕೇಳಿ ಸುಮ್ಮನಾದರು. ಮರೆತರೇನೋ ಎಂದು ನಾನು ತಲೆಯೆತ್ತಿದೆ. "ಅತ್ತೆಗೊಂದು ಸೀರೆ, ನಾದಿನಿಗೊಂದು, ನಿಮಗೊಂದು." ಮತ್ತೆ ಮೌನ. "ನಿಮ್ಮದನ್ನು ಮೊದಲು ಆರಿಸಿಕೊಳ್ಳಿ." ಮಾಲೀಕರು ಗಡಿಯಾರ ನೋಡುವುದನ್ನು ಬಿಟ್ಟರು. ಆ ವಾರ ಅವರ ಅಂಗಡಿಗೆ ಬಂದ ಹೆಂಗಸರು ನಗುತ್ತಾ, "ನಮ್ಮದನ್ನ ಮೊದಲು ತೋರಿಸ್ರಿ" ಎಂದು ಕೇಳಿದರಂತೆ.

ಮನೆಯಲ್ಲಿ ಉರ್ದು, ಓಣಿಯಲ್ಲಿ ಶಿಕಾರಿಪುರದ ಕನ್ನಡ, ಮೈಕಿನ ಮುಂದೆ ನೀರಿನಷ್ಟು ತಿಳಿಯಾದ ಪುಸ್ತಕದ ಕನ್ನಡ. ಓದಿದ್ದು ಏಳನೇ ಕ್ಲಾಸು. ಆದರೆ ಮಾತು ಮನುಷ್ಯರೊಳಗೆ ಹೇಗೆ ಇಳಿಯುತ್ತದೆ ಎನ್ನುವುದನ್ನು ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಗುಂಡಿ ಹೊಲಿಯುತ್ತಾ ಟಿ.ವಿ. ಜಾಹೀರಾತು ನೋಡುತ್ತಿದ್ದರು, ಧಾರಾವಾಹಿ ಶುರುವಾದರೆ ಎದ್ದು ಹೋಗುತ್ತಿದ್ದರು. "ಅವಳಿಗೆ ಬಿಳಿ ಕೋಟು ಹಾಕ್ಸಿದಾರೆ ನೋಡು. ಡಾಕ್ಟ್ರು ಅಂತ ಎಲ್ಲೂ ಹೇಳ್ಲಿಲ್ಲ. ನಾವೇ ಅಂದ್ಕೊಂಡ್ವಿ. ನಾವೇ ಅಂದ್ಕೊಂಡಿದ್ದಕ್ಕೆ ಸಾಕ್ಷಿ ಕೇಳಲ್ಲ." ಹತ್ತರಲ್ಲಿ ಒಂಬತ್ತು ತಾಯಂದಿರ ಆಯ್ಕೆ ಎಂದು ಯಾವುದೋ ಸೋಪಿನವರು ಹೇಳಿದರೆ, "ನಮ್ಮ ಓಣಿಗಂತೂ ಬಂದು ಕೇಳಿಲ್ಲಪ್ಪ" ಎನ್ನುವರು. ಸುದ್ದಿವಾಹಿನಿಯಲ್ಲಿ ಒಂದೇ ಚಿತ್ರ ಡೋಲಿನ ಸದ್ದಿನೊಡನೆ ಮತ್ತೆ ಮತ್ತೆ ಬಂದಾಗ ಹೇಳಿದ ಮಾತಂತೂ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಮೂರು ಸಲ ಕೇಳಿದ್ದು ನಾಲ್ಕನೇ ಸಲಕ್ಕೆ ನಮ್ಮದೇ ಅಭಿಪ್ರಾಯ ಆಗ್ಬಿಡ್ತದೆ, ಸುಮಾ."

ಇಷ್ಟೆಲ್ಲ ತಿಳಿದವರು ಸಂತರೇನೂ ಆಗಿರಲಿಲ್ಲ. ಜವಳಿಯವರ "ಇಂದೇ ಕೊನೆಯ ದಿನ" ಎಂಬುದನ್ನು ಹದಿನೈದು ದಿನ ಓಡಿಸಲು ಒಪ್ಪಿದವರೂ ಅವರೇ. "ಅವಸರ ಮಾಡಿದ್ರೆ ಜನ ಯೋಚನೆ ಮಾಡಲ್ಲ, ಅದಕ್ಕೇ ಮಾಡ್ಸೋದು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಅವರಿಂದ ಕಲಿತೆನೆಂಬ ಹೆಮ್ಮೆಯಲ್ಲಿ ಪ್ರಚಾರದ ಮಾತುಗಳನ್ನು ನಾನೇ ಬರೆಯತೊಡಗಿದ್ದೆ.

ಎಣ್ಣೆಯ ಪ್ರಕರಣ ನಡೆದದ್ದು ಆಗ. ಹೊರಗಿನ ಊರಿನ ಏಜೆಂಟನೊಬ್ಬ ಮಂಡಿನೋವಿನ ಎಣ್ಣೆ ತಂದ. ಎರಡೂ ತಾಲ್ಲೂಕಿನ ಹಳ್ಳಿಗಳಿಗೆ ಆಟೋ ಬಿಡಬೇಕಿತ್ತು. ಬರೆದವಳು ನಾನು: "ನನ್ನ ಅಮ್ಮ ಎರಡು ವರ್ಷ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇವತ್ತು ಅವರೇ ನೀರು ಸೇದುತ್ತಾರೆ. ಮಾತ್ರೆಗಳ ಗೋಜು ಇನ್ನೇಕೆ?" ಖಮರಕ್ಕ ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ನಮ್ಮಮ್ಮ ಇಲ್ಲಲ್ಲ ಸುಮಾ" ಎಂದರು.

"ಜಾಹೀರಾತಲ್ಲಿ ಎಲ್ರೂ ಹಂಗೇ ಹೇಳೋದು ಅಕ್ಕ."

ಅವರು ಓದಿದರು. ಎಷ್ಟು ಚೆನ್ನಾಗಿ ಓದಿದರೆಂದರೆ, 'ಅಮ್ಮ' ಎನ್ನುವಲ್ಲಿ ಬರೆದ ನಾನೇ ನಂಬಿಬಿಟ್ಟೆ.

ತಿಂಗಳ ನಂತರ ಉಡುತಡಿಯ ಗಂಗಮ್ಮ ಎಂಬ ಮುದುಕಿ ರವಿಕೆ ಹೊಲಿಸಲು ಅವರ ಮನೆಗೆ ಬಂದಳು. ಅಳತೆ ಕೇಳಿದ ದನಿಯನ್ನು ಗುರುತು ಹಿಡಿದು ಅವರ ಎರಡೂ ಕೈ ಹಿಡಿದುಕೊಂಡಳು. "ನೀವೇ ಅಲ್ವೇನ್ರಿ ಎಣ್ಣೆ ಹೇಳಿದ್ದು? ನಿಮ್ಮವ್ವ ಈಗ ಹೆಂಗದಾರೆ? ನಾನೂ ಗುಳಿಗೆ ಎಲ್ಲಾ ಬಿಟ್ಟು ಅದನ್ನೇ ತಿಕ್ತಾ ಇದೀನಿ." ಎಲ್ಲಾ ಎಂದರೆ ಸಕ್ಕರೆ ಕಾಯಿಲೆಯ ಗುಳಿಗೆಯೂ ಸೇರಿತ್ತು. ಅವಳ ಎಡಗಾಲಿನ ಹೆಬ್ಬೆರಳ ಹುಣ್ಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದ ಖಮರಕ್ಕ ಅಳತೆಪಟ್ಟಿ ಕೊರಳಲ್ಲಿರುವಂತೆಯೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇನ್ನು ಕೆಲವು ದಿನ ಬಿಟ್ಟಿದ್ದರೆ ಬೆರಳು ಹೋಗುತ್ತಿತ್ತು ಎಂದರಂತೆ ಡಾಕ್ಟರು.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಬೈಯುತ್ತಾರೆಂದು ಕಾದೆ. "ಅದೇ ಆಟೋ, ಅದೇ ದಾರಿ, ನಾಳೆ ಬೆಳಿಗ್ಗೆ" ಎಂದರಷ್ಟೆ.

"ಈಗಲೇ ರೆಕಾರ್ಡ್ ಮಾಡೋಣ್ವಾ?"

"ರೆಕಾರ್ಡ್ ಬೇಡ. ನಾನೇ ಹೋಗ್ತೀನಿ."

ಉಡುತಡಿಯಲ್ಲಿ ಅರಳಿಕಟ್ಟೆಯ ಎದುರು ಆಟೋ ನಿಲ್ಲಿಸಿದೆವು. ಖಮರಕ್ಕ ಕೆಳಗಿಳಿದು, ಎಲ್ಲರಿಗೂ ಮುಖ ಕಾಣುವಂತೆ ನಿಂತು, ಮೈಕು ಹಿಡಿದರು. ಈ ಸಲ ಪುಸ್ತಕದ ಕನ್ನಡ ಇರಲಿಲ್ಲ. "ಎಣ್ಣೆ ಬಗ್ಗೆ ಹೇಳಿದ್ದು ನಾನು. ನಮ್ಮಮ್ಮ ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು. ಆ ಎಣ್ಣೆ ಅವ್ರು ನೋಡೇ ಇಲ್ಲ. ನಾನು ಸುಳ್ಳು ಹೇಳಿದೆ. ಯಾರಾದ್ರೂ ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟ್ರ ಹತ್ರ ಹೋಗ್ರಿ."

ಕಟ್ಟೆಯ ಮೇಲಿದ್ದ ಗಂಡಸೊಬ್ಬ ಎದ್ದ. "ಅವತ್ತು ಹಂಗಂದ್ರಿ, ಇವತ್ತು ಹಿಂಗಂತೀರಿ. ಯಾವುದು ನಂಬೋದ್ರಿ ನಾವು?"

"ಅವತ್ತು ಹೇಳ್ಸಿದ್ರು. ಇವತ್ತು ನಾನೇ ಬಂದೀನಿ. ನೀವೇ ಯೋಚನೆ ಮಾಡ್ರಿ."

ಅವನು ಏನೋ ಗೊಣಗುತ್ತಾ ಕೂತ. ಒಬ್ಬ ಹೆಂಗಸು ಮನೆಯಿಂದ ಎಣ್ಣೆಯ ಸೀಸೆ ತಂದು ಅವರ ಕಾಲ ಬುಡದಲ್ಲಿಟ್ಟು ಹೋದಳು. ಎರಡು ತಾಲ್ಲೂಕಿನ ಹಳ್ಳಿಗಳನ್ನು ಮುಗಿಸಲು ನಾಲ್ಕು ದಿನ ಹಿಡಿಯಿತು. ಎಲ್ಲ ಊರಲ್ಲೂ 'ನಾನು' ಎಂದೇ ಹೇಳಿದರು. ಆ ಮಾತು ಬರೆದವಳು ಆಟೋದೊಳಗೆ ಕೂತಿದ್ದಾಳೆಂದು ಯಾವ ಊರಲ್ಲೂ ಹೇಳಲಿಲ್ಲ. ಮೂರನೇ ದಿನ ತಡೆಯಲಾರದೆ ನಾನೇ ಇಳಿದು ಪಕ್ಕದಲ್ಲಿ ನಿಂತೆ. ಅವರು ನನ್ನತ್ತ ತಿರುಗದೆ ಮೈಕನ್ನು ನನ್ನ ಕೈಗಿತ್ತರು.

ಇನ್ನು ಅವರ ದನಿಗೆ ಬೆಲೆ ಇರದು ಎಂದುಕೊಂಡಿದ್ದೆ. ಆ ಚಳಿಗಾಲದಲ್ಲಿ ಸೊರಬದ ಕಡೆ ಕ್ಯಾಸನೂರಿನ ಸುತ್ತ ಆರೋಗ್ಯ ಇಲಾಖೆಗಾಗಿ ಮಂಗನ ಕಾಯಿಲೆಯ ಎಚ್ಚರಿಕೆ ಕೊಡಬೇಕಾಗಿ ಬಂತು. ಕಾಡಿಗೆ ಹೋಗುವವರು ಕಾಯಿಲೆ ಹರಡುವ ಉಣುಗು ಹುಳ ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು, ಸತ್ತ ಮಂಗ ಕಂಡರೆ ತಿಳಿಸಬೇಕು. ಹಿಂದೆ ಯಾರೋ ಸೈರನ್ನು ಸೇರಿಸಿ ಮಾಡಿದ್ದ ಪ್ರಚಾರಕ್ಕೆ ಜನ ಬಾಗಿಲು ಹಾಕಿಕೊಂಡಿದ್ದರಂತೆ. ಖಮರಕ್ಕ ಸೈರನ್ನು ತೆಗೆಸಿದರು. "ಹೆದರಿಸಿದ್ರೆ ಕಿವಿ ಮುಚ್ಕೊತಾರೆ" ಎಂದು ಹೇಳಿ, ಒಣಗಿದ ಎಲೆಯ ದರಗು ತರಲು ಹೊರಟ ಹೆಂಗಸರು ಕಾಡಿನ ದಾರಿ ಹಿಡಿಯುವ ಜಾಗಕ್ಕೇ ಬೆಳಿಗ್ಗೆ ಹೋಗಿ ನಿಂತರು.

"ಎಂತ ಅಕ್ಕ, ಮತ್ತೆ ಎಣ್ಣೆಯಾ?" ಎಂದಳು ಒಬ್ಬಳು.

ಖಮರಕ್ಕ ತಲೆಯಾಡಿಸಿದರು. "ಮತ್ತೆ ಎಣ್ಣೆ. ಇದು ಸರ್ಕಾರದ್ದು, ನಿಮ್ಮೂರ ಆಶಾ ಕಾರ್ಯಕರ್ತೆ ಕೊಡ್ತಾಳೆ. ಅವಳನ್ನೂ ಕೇಳ್ರಿ." ಆ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಈ ಅಕ್ಕ ಸುಳ್ಳಾದ್ರೆ ತಿರುಗಿ ಬಂದು ಹೇಳ್ತಾರೆ ಮಾರಾಯ್ತಿ. ಹಚ್ಚು." ಒಬ್ಬೊಬ್ಬರಾಗಿ ಮೊಣಕಾಲಿನ ತನಕ ಎಣ್ಣೆ ಸವರಿಕೊಂಡು ಅವರು ಕಾಡೊಳಗೆ ಹೋದರು. ಅಷ್ಟು ವರ್ಷ ಅವರ ದನಿಯನ್ನು ತಿದ್ದಿ ಜೋಡಿಸಿದವಳು ನಾನು. ಅದರ ಬಲ ಎಲ್ಲಿದೆಯೆಂದು ಗೊತ್ತಾದದ್ದು ಅವತ್ತು.

ಹೋದ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದ ಮೇಲೆ ಉಳಿದದ್ದು ಗಾಳಿಯಂಥ ಪಿಸುಮಾತು. ಸುದ್ದಿ ತಿಳಿದು ನಗರದಿಂದ ಒಬ್ಬ ಬಂದ. ಹಳೆಯ ರೆಕಾರ್ಡಿಂಗು ಕೊಟ್ಟರೆ ಕಂಪ್ಯೂಟರೇ ಅವರ ದನಿಯಲ್ಲಿ ಬೇಕಾದ್ದು ಮಾತಾಡುತ್ತದೆ ಎಂದ. ನಾನು ಹೋಗಿ ಅವರನ್ನು ಕೇಳಿದೆ. ಅವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕರಿ ಬಟ್ಟೆಯ ತುಂಡಿನ ಮೇಲೆ ಬರೆದರು: 'ಅದು ತಪ್ಪು ಹೇಳಿದರೆ ಊರಿಗೆ ಹೋಗೋರು ಯಾರು?' ಆಮೇಲೆ ಅದನ್ನು ಒರೆಸಿ ಇನ್ನೊಂದು ಬರೆದರು: 'ನೀನು ಓದು.'

ನನ್ನ ಕೈಯಲ್ಲಿ ಪೋಲಿಯೊ ಹನಿಯ ಪ್ರಚಾರದ ಹಾಳೆ ಇತ್ತು. ಅವರ ಹೊಲಿಗೆ ಯಂತ್ರದ ಪಕ್ಕದಲ್ಲೇ ನಿಂತು ಓದಿದೆ. ಅವರು ಅಂಗೈ ತಗ್ಗಿಸಿ ನಿಧಾನ ಎಂದು ತೋರಿಸಿದರು. ಎರಡನೇ ಸಲ ಓದಿದೆ. ಬೆರಳೆತ್ತಿ ನಿಲ್ಲಿಸಿ, ಮತ್ತೆ ಮೊದಲಿಂದ ಎಂದರು. ಮೂರನೇ ಸಲ ನಾನು ಹಾಳೆ ನೋಡಲಿಲ್ಲ. ಮುಗಿದಾಗ ಅವರು ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು. "ಈ ಸಲ ಯಾರಿಗೆ ಹೇಳ್ದೆ?"

"ನಮ್ಮ ಬೀದಿ ಕೊನೇ ಮನೆ ಶಾಹಿನಾಗೆ, ಅಕ್ಕ. ಮೊದಲನೇ ಕೂಸು. ಹನಿ ಹಾಕ್ಸೋಕೆ ಭಯ ಪಡ್ತಾಳೆ."

"ಬರ್ತಾಳೆ ಬಿಡು" ಎಂದರು.

ಆ ವಾರವೆಲ್ಲ ಪ್ರಚಾರದ ಆಟೋ ನನ್ನ ದನಿಯಲ್ಲಿ ಓಡಿತು. ಭಾನುವಾರ ನಾನು ಶಾಲೆಯ ಪೋಲಿಯೊ ಬೂತಿನ ಮುಂದೆ ಕಾದು ನಿಂತೆ. ಹನ್ನೊಂದರ ಸುಮಾರಿಗೆ ಶಾಹಿನಾ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಹನಿ ಹಾಕಿಸಿಕೊಂಡು ಹೋಗುವವರೆಗೂ ನೋಡಿ, ಅದನ್ನು ಹೇಳಲು ಖಮರಕ್ಕನ ಮನೆಗೆ ಓಡಿದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಉಸಿರು ಕಟ್ಟಿತೆಂದು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಅಲ್ಲಿಂದ ಅವರು ತಿರುಗಿ ಬರಲಿಲ್ಲ.