ಹಳೇ ಸೀಟಿನ ಪಟ್ಟಿ

ಕನ್ನಡಕದಂಗಡಿಯವರು ಮೊದಲ ಸಲ ಸೀಟಿನಕ್ಕನ ಬಾಗಿಲಿಗೆ ಬಂದ ದಿನ ಅವರ ಕಂಕುಳಲ್ಲಿ ಮೋಟಾರ್ ಸೈಕಲ್ಲಿನ ಸೀಟೊಂದಿತ್ತು. ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು. ಗಾಡಿ ಕೊಳ್ಳುವವನು ಸಿಕ್ಕಿದ್ದಾನೆ, ಹರಿದ ಸೀಟು ನೋಡಿ ಮೂಗು ಮುರಿದ, ಮೇಲೊಂದು ಹೊಸ ಕವರ್ ಎಳೆದುಕೊಟ್ಟರೆ ಸಾಕು ಎಂದರು.

ಸೀಟಿನಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಗಂಡ ಹೋದಮೇಲೆ ಹದಿನೆಂಟು ವರ್ಷದಿಂದ ಅಂಗಡಿ ಅವಳದೇ. ಇರುವುದು ಒಂದೇ ಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಸಣ್ಣ ಮೊಳೆಗಳ ಡಬ್ಬಿ. ಗಂಡನಿಂದ ಬಂದ ಹಠವೊಂದಿತ್ತು ಅವಳಿಗೆ. ಹಳೇ ಕವರಿನ ಮೇಲೆ ಹೊಸದು ಹಾಕುವುದಿಲ್ಲ. ಬೇರೆ ಅಂಗಡಿಯವರೆಲ್ಲ ಹಾಗೇ ಹಾಕುತ್ತಾರೆ, ಬೇಗ ಮುಗಿಯುತ್ತದೆ. ಅದು ಗಾಯ ತೊಳೆಯದೆ ಬಟ್ಟೆ ಸುತ್ತಿದ ಹಾಗೆ ಎಂಬುದು ಅವಳ ಮಾತು. ತಳದ ತಗಡು ಕಾಣುವ ತನಕ ಬಿಚ್ಚುವವಳೇ.

ಹಾಗಾಗಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಮೊಳೆ ಕೀಳತೊಡಗಿದಳು. ಸೀಟಿನ ಮುಂಭಾಗ ಗುಂಡಿ ಬಿದ್ದಿತ್ತು, ಹಿಂಭಾಗ ಹೊಸದರಂತೆ ಉಬ್ಬಿತ್ತು. ಹಿಂದೆ ಯಾರನ್ನೂ ಕೂರಿಸಿಕೊಳ್ಳಲಿಲ್ಲವೇ ಎಂದು ಕೇಳಿದಳು. ಕೂರಬೇಕಾದವನು ಮಾತು ಬಿಟ್ಟ ಎಂದರು ಅವರು. ಇಷ್ಟು ಸಾಕಾಯಿತು ಅವಳಿಗೆ. ಯಾರು, ಯಾವಾಗ, ಯಾಕೆ ಎಂದು ಒಂದೊಂದು ಮೊಳೆಗೂ ಒಂದೊಂದು ಪ್ರಶ್ನೆ ಕೇಳಿದಳು.

ಮೂವರು ಗೆಳೆಯರಂತೆ. ಇವರು, ಒಬ್ಬ ಕ್ಷೌರದಂಗಡಿಯವನು, ಇನ್ನೊಬ್ಬ ಲಾರಿಗಳಿಗೆ ಲೋಡು ಕಟ್ಟುವವನು. ಅವನ ಗಂಟು ಊರಿಗೇ ಹೆಸರುವಾಸಿ, ಅದಕ್ಕೇ ಎಲ್ಲರೂ ಅವನನ್ನು ಹಗ್ಗ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದ ಹಿಂದೆ ಎರಡು ಗಾಡಿಯಲ್ಲಿ ಸಮುದ್ರ ನೋಡಲು ಹೊರಟರು. ಹೋಗುತ್ತ ಐದು ದಿನ, ಬರುತ್ತ ಐದು ದಿನ. ಸಮುದ್ರ ಹೇಗಿತ್ತು ಎಂದು ಕೇಳಿದಳು. ನೋಡಿದ ಕೂಡಲೇ ಕ್ಷೌರದವನು ಚಪ್ಪಲಿ ಬಿಟ್ಟು ಓಡಿದ, ತಿರುಗಿ ನೋಡುವಷ್ಟರಲ್ಲಿ ಅಲೆ ಒಂದು ಚಪ್ಪಲಿ ಎಳೆದುಕೊಂಡಿತ್ತು, ಉಳಿದ ದಾರಿಯೆಲ್ಲ ಒಂಟಿ ಚಪ್ಪಲಿಯಲ್ಲೇ ಬಂದ ಎಂದು ಅವರು ನಕ್ಕರು. ಅವಳೂ ನಕ್ಕಳು.

ಮರಳುವಾಗ ಎರಡು ದಿನ ಬಿಡದ ಮಳೆ. ಚೀಲ ಇವರ ಗಾಡಿಯ ಹಿಂದಿತ್ತು, ಹಗ್ಗ ಮುಂದೆ ಹೋಗುತ್ತಿದ್ದ ಕ್ಷೌರದವನ ಹಿಂದೆ ಕೂತಿದ್ದ. ಹಿಂದೆ ಕೂರುವವರು ಹಿಡಿದುಕೊಳ್ಳಲೆಂದು ಸೀಟಿಗೆ ಅಡ್ಡವಾಗಿ ಹೊಲಿದಿರುತ್ತಾರಲ್ಲ, ಆ ಪಟ್ಟಿಗೆ ಚೀಲವನ್ನು ಬಿಗಿದವನು ಹಗ್ಗನೇ. ಚಹಾದಂಗಡಿಯಲ್ಲಿ ಇಳಿದು ನೋಡಿದರೆ ಚೀಲವಿಲ್ಲ, ಪಟ್ಟಿ ಒಂದು ಕಡೆ ಕಿತ್ತು ಜೋತಾಡುತ್ತಿದೆ. ಕ್ಷೌರದವನ ಕ್ಯಾಮೆರಾ, ತೆಗೆದ ಚಿತ್ರಗಳು ಎಲ್ಲ ಚೀಲದಲ್ಲೇ. ದಿನವಿಡೀ ಹಿಂದಕ್ಕೆ ಹೋಗಿ ಹುಡುಕಿದರೂ ಸಿಗಲಿಲ್ಲ. ನಿನ್ನ ಗಂಟಿನ ಯೋಗ್ಯತೆ ಇಷ್ಟೇ ಎಂದು ಇವರು ಹತ್ತು ಜನರೆದುರು ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರ ಬಾಯಿಗೂ ಬೀಗ. ಒಂದೇ ಬೀದಿಯಲ್ಲಿದ್ದರೂ ಕ್ಷೌರದವನೇ ನಡುವೆ ಸುದ್ದಿ ಮುಟ್ಟಿಸುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ.

ಅಷ್ಟರಲ್ಲಿ ಮೇಲಿನ ಕವರ್ ಕೈಗೆ ಬಂತು. ಅದರಡಿ ಇನ್ನೊಂದು ಕವರ್. ಪ್ರವಾಸದ್ದೇ ಅದು, ಮುಂದಿನ ಊರಿನಲ್ಲೇ ಜೋತಾಡುವ ಪಟ್ಟಿ ಕತ್ತರಿಸಿ ಮೇಲೆ ಹೊಸದು ಹಾಕಿಸಿದೆವು ಎಂದರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಡಗಡೆ ಪಟ್ಟಿಯ ತುಂಡು ಕಪ್ಪು ನೈಲಾನ್ ದಾರದಲ್ಲಿ ಇನ್ನೂ ಕಚ್ಚಿಕೊಂಡಿತ್ತು. ಬಲಗಡೆ ಬರೀ ತೂತುಗಳು. ರೆಕ್ಸಿನ್ ಹರಿದಿರಲಿಲ್ಲ. ಒಂದೆರಡು ತೂತಿನಲ್ಲಿ ಬಿಳಿ ದಾರದ ಚೂರು ಉಳಿದಿತ್ತು, ಉಗುರು ತಾಗಿಸಿದರೆ ಹುಡಿಯಾಯಿತು.

"ಅಣ್ಣ, ಈ ಕಡೆ ಹೊಲಿದವರು ಯಾರು?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೊರಡೋ ಹಿಂದಿನ ದಿನ ಆ ಕಡೆ ಬಿಟ್ಟಿತ್ತು. ನಾನೇ ಹೊಲಿದೆ. ಅಮ್ಮನ ಸೂಜಿ, ಗುಂಡಿ ಹೊಲಿಯೋ ದಾರ."

"ಹೊಲಿಗೆ ಏನೋ ಅಚ್ಚುಕಟ್ಟಾಗಿದೆ. ಕನ್ನಡಕದ ತಿರುಪು ಹಾಕಿದ ಹಾಗೆ ಎಷ್ಟು ಸಣ್ಣಕ್ಕೆ ಹಾಕಿದ್ದೀರಿ! ಆದ್ರೆ ಹತ್ತಿ ದಾರ ಎರಡು ದಿನ ಮಳೇಲಿ ನೆನೆದ ಚೀಲದ ಭಾರ ತಡೆಯಲ್ಲ."

"ಗಂಟು ಬಿಚ್ಚಿ, ಚೀಲ ಬೀಳುವಾಗ ಪಟ್ಟೀನ ಎಳೆದಿರಬಹುದಲ್ಲ?"

ಹೂಂ ಅಂದುಬಿಡಬಹುದಿತ್ತು. ವಯಸ್ಸಾದ ಮನುಷ್ಯ, ಸೀಟು ತೆಗೆದುಕೊಂಡು ಸುಮ್ಮನೆ ಹೋಗುತ್ತಿದ್ದರು. ಆದರೆ ಹೊಲಿಗೆಯ ವಿಷಯದಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಗಂಟು ಬಿಚ್ಚಿದ್ರೆ ಚೀಲ ಹಾಗೇ ಜಾರಿ ಬಿದ್ದು ಹೋಗ್ತಿತ್ತು. ಪಟ್ಟೀನ ಎಳೆಯೋಕೆ ಅದಕ್ಕೆ ಕೈ ಎಲ್ಲಿತ್ತು? ಪಟ್ಟಿ ಕಿತ್ತಿದೆ ಅಂದ್ರೆ ಗಂಟು ಕೊನೇ ತನಕ ಹಿಡಿದೇ ಇತ್ತು, ಬಿಟ್ಟ ತುದಿಯಿಂದ ಚೀಲ ಗಂಟಿನ ಸಮೇತ ಜಾರಿದೆ."

ಅವರು ಆ ತೂತುಗಳ ಮೇಲೆ ಬೆರಳಾಡಿಸಿದರು. ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಅವನ ತಟ್ಟೆಯ ನೊಣ ಹುಡುಕಿದೆ ಎಂದು ಮೆಲ್ಲಗೆ ಅಂದುಕೊಂಡರು. ಏಳುವಾಗ, ಹಗ್ಗನಿಗೆ ತೋರಿಸಬೇಕು ಎಂದು ಆ ಭಾಗವನ್ನು ಕತ್ತರಿಸಿ ಕೊಡಲು ಹೇಳಿದರು. ಎರಡೂ ಬದಿ ಕಾಣುವಂತೆ ಅವಳು ಅಗಲಕ್ಕೆ ಕತ್ತರಿಸಿ ಕೊಟ್ಟಳು.

ಮೂರು ದಿನ ಅವರ ಸುಳಿವಿರಲಿಲ್ಲ. ಸೀಟು ಸಿದ್ಧವಾಗಿ ಮೂಲೆಯಲ್ಲಿ ಕೂತಿತ್ತು. ಹಗ್ಗ ಏನೆಂದನೋ, ಬಾಗಿಲಾದರೂ ತೆರೆದನೋ ಇಲ್ಲವೋ ಎಂದು ಮಿಷನ್ ತುಳಿಯುವಾಗಲೆಲ್ಲ ಅವಳಿಗೆ ಅದೇ ಯೋಚನೆ.

ನಾಲ್ಕನೇ ದಿನ ಬಂದರು. ಕೇಳುವ ಮೊದಲೇ ಹೇಳಿದರು. ಹಗ್ಗ ಒಳಗೆ ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ತುಂಡನ್ನು ಅವನ ತೊಡೆಯ ಮೇಲಿಟ್ಟು ಬಿಳಿ ದಾರ ನನ್ನದು ಎಂದರಂತೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗಾಡಿ ಮಾರುತ್ತೀಯಂತೆ, ಯಾರನ್ನು ಕೇಳಿ ಮಾರುತ್ತೀಯ ಎಂದು ಗದರಿದನಂತೆ. ಮೂವತ್ತೊಂದು ವರ್ಷದಲ್ಲಿ ಅವನ ಮೊದಲ ಮಾತು ಅದು.

ಅವಳು ಸೀಟು ತಂದು ಮುಂದಿಟ್ಟಳು. ಅವರು ಅದನ್ನು ಎತ್ತಿಕೊಳ್ಳದೆ ಹಿಂಭಾಗದ ಉಬ್ಬನ್ನು ಅಂಗೈಯಿಂದ ಒತ್ತಿ ನೋಡಿದರು.

"ಅಕ್ಕ, ಹಿಂದೆ ಕೂರೋನು ಈಗ ನನ್ನ ಎರಡರಷ್ಟಾಗಿದ್ದಾನೆ. ಒಂದು ಪಟ್ಟಿ ಹೊಲಿದು ಕೊಡ್ತೀರಾ, ನಿಮ್ಮ ದಾರದಲ್ಲಿ?"